ಹೊರಗಿನಿಂದ ಹಾಕಿದ ಬೀಗ

ತಂಗಿಯನ್ನು ನಾನು ಶಾಲೆಗೆ ಸೇರಿಸಲಿಲ್ಲ. ಶಾಲೆ ನಮ್ಮ ಪಕ್ಕದ ಗಲ್ಲಿಯಲ್ಲೇ ಇತ್ತು. ಕೈಹಿಡಿದು ಕರೆದುಕೊಂಡು ಹೋಗಿದ್ದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಬೇಕಿರಲಿಲ್ಲ. ಅದರ ಬದಲು ಅವಳನ್ನು ಒಳಗಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಗದಗದ ಕಡೆಯಿಂದ ನಾಗಪುರಕ್ಕೆ ಬಂದೆ. ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡದಲ್ಲಿ. ಗಾಂಧಿಬಾಗಿನ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಗಂಟು ಕಟ್ಟುವ ಕೆಲಸ ಸಿಕ್ಕಿತು. ಮೊದಲ ದಿನವೇ ಚಹಾ ಕುಡಿಯಲು ಹೋಗಿ ದಾರಿ ತಪ್ಪಿದೆ. ಎತ್ತ ತಿರುಗಿದರೂ ಅದೇ ಗಲ್ಲಿ, ಅದೇ ಸೀರೆಯ ರಾಶಿ, ಅದೇ ಕೈಗಾಡಿ. ಮರಾಠಿ ಬೋರ್ಡು ಓದಲು ಬರುತ್ತಿರಲಿಲ್ಲ. ಅಂಗಡಿಯ ಹೆಸರೂ ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಕೇಳಿದರೆ ಜನ ನನ್ನ ಮುಖ ನೋಡಿ ಮುಂದೆ ಹೋದರು. ಮಧ್ಯಾಹ್ನವೆಲ್ಲ ತಿರುಗಿದ ಮೇಲೆ ನಮ್ಮ ಅಂಗಡಿಯ ಹಮಾಲನೇ ಕಂಡು, ರಟ್ಟೆ ಹಿಡಿದು ಎಳೆದೊಯ್ದ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಭಯ ಉಳಿಯಿತು.

ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ. ಸ್ಟೋವ್ ಹಚ್ಚುತ್ತ ಅದರ ಜೊತೆಯೇ ಕನ್ನಡ ಮಾತಾಡುತ್ತಿದ್ದೆ.

ಮರುವರ್ಷ ಅವ್ವ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದ. ಹನ್ನೊಂದು ವರ್ಷದ ತಂಗಿಯನ್ನು ಕರೆತಂದೆ. ಇಷ್ಟು ದೊಡ್ಡವನಾದ ನಾನೇ ಕಳೆದುಹೋದ ಊರಲ್ಲಿ ಇವಳ ಗತಿ ಏನು ಎಂದು ಬೀಗ ಕೊಂಡೆ.

ಸಂಜೆ ಬರುವಾಗ ಅವಳು ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು.

"ಊಟಾ ಮಾಡಿದೇನು?"

"ಸಾಲ್ಯಾಗ ಊಟದ ಗಂಟಿ ಹೊಡೀತಲ್ಲ, ಆವಾಗ ಮಾಡಿದೆ."

ತಾಟಿನಲ್ಲಿ ನಾನು ಮುಚ್ಚಿಟ್ಟು ಹೋದ ರೊಟ್ಟಿಯನ್ನು ಅವಳು ಬಟ್ಟೆಯಲ್ಲಿ ಕಟ್ಟಿ ಬುತ್ತಿ ಮಾಡಿಕೊಳ್ಳುತ್ತಿದ್ದಳು. ಆ ಶಾಲೆಯ ಗಂಟೆ ಕೇಳಿದ ಮೇಲೆ ಬಿಚ್ಚಿ, ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ಇದನ್ನು ತಿಳಿದೂ ನಾನು ಹುಡುಗಾಟ ಅಂದುಕೊಂಡೆ. ಬರಬರುತ್ತ ಅವಳು ಮಾತು ಕಡಿಮೆ ಮಾಡಿದಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ.

ಮನೆಯೊಡತಿ ಮುದುಕಿ ಒಂದು ದಿನ ನನ್ನನ್ನು ಅಡ್ಡಗಟ್ಟಿದಳು.

"ಅರೇ ಬಾಬಾ, ಪೋರೀಲಾ ಶಾಳೇತ ಘಾಲ್! ಕೋಂಬ್ಡೀ ಆಹೇ ಕಾ ತೀ?"

ಹುಡುಗಿಯನ್ನು ಶಾಲೆಗೆ ಹಾಕು, ಅವಳೇನು ಕೋಳಿಯೇ ಎಂದು ಕೇಳಿದ್ದಳು. ಅಷ್ಟರಲ್ಲಿ ನನಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ತಿಳಿಯದವನ ಹಾಗೆ ನಕ್ಕು ತಲೆಯಾಡಿಸಿದೆ. ತಂಗಿ ಕಳೆದುಹೋಗುತ್ತಾಳೆ ಎಂಬ ಭಯವೂ ಆಗ ಉಳಿದಿರಲಿಲ್ಲ. ಶಾಲೆಗೆ ಹೋದರೆ ಅರ್ಜಿ ತುಂಬು ಅನ್ನುತ್ತಾರೆ, ನನಗೆ ಮರಾಠಿ ಓದಲು ಬರುವುದಿಲ್ಲವೆಂದು ಎಲ್ಲರೆದುರು ಗೊತ್ತಾಗುತ್ತದೆ. ಅದಕ್ಕೆ ನಾಚಿದೆ. ದಾರಿ ತಪ್ಪಿದ ದಿನ ಅಂಗಡಿಯಲ್ಲಿ ಕೇಳಿದ ಆ ನಗು ಮತ್ತೆ ಕೇಳುವುದು ಬೇಡವಾಗಿತ್ತು.

ಎರಡು ವರ್ಷದ ಮೇಲೆ ಆ ಕೋಣೆ ಬಿಟ್ಟೆವು. ಬೀಗ ಹಾಕುವುದನ್ನೂ ಬಿಟ್ಟೆ. ಸಾಮಾನು ತೆಗೆಯುವಾಗ ನೋಡಿದರೆ, ಅವಳ ಕೈ ಎತ್ತರಕ್ಕೆ ಎರಡು ಸರಳುಗಳ ಬಣ್ಣ ಸವೆದಿತ್ತು. ಆಗಲೂ ಶಾಲೆಯ ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ.

ಈಗ ಅವಳಿರುವುದು ಲಕ್ಷ್ಮೀ ನಗರದಲ್ಲಿ, ಗಂಡ ಆಟೋ ಓಡಿಸುತ್ತಾನೆ. ಬೀದಿಯವರ ಜೊತೆ ಮರಾಠಿಯಲ್ಲಿ ಜಗಳವಾಡಿ ಗೆಲ್ಲುತ್ತಾಳೆ. ಓದಲು ಮಾತ್ರ ಬರುವುದಿಲ್ಲ. ಹೋದ ತಿಂಗಳು ಮಗಳನ್ನು ಬಾಲವಾಡಿಗೆ ಹಾಕಿದಳು. ಮೊನ್ನೆ ನಾನು ಹೋದಾಗ ಮಗುವನ್ನು ಕರೆತರಲು ಹೊರಟಿದ್ದಳು. ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಕ್ಕಳು.

"ಇಲ್ಲೇ ಕೂಡಣ್ಣಾ, ಜಲ್ದಿ ಬರ್ತೀನಿ. ಹೊರಗಿಂದ ಕೀಲಿ ಹಾಕ್ಲೇನು? ಕಳದ ಗಿಳದ ಹೋದಿ ಮತ್ತ!"

ಚೇಷ್ಟೆಗೇ ಅಂದಳು. ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ.

"ಸಾಲಿಗೆ ಹಾಕಬೇಕಿತ್ತವಾ ನಿನ್ನ. ನೀ ಕಳೀತಿ ಅಂತಲ್ಲ, ನನಗ ಮರಾಠಿ ಓದಾಕ ಬರಂಗಿಲ್ಲ ಅಂತ ನಾಚಿ ಕೀಲಿ ಹಾಕಿದೆ. ನಂದ ತಪ್ಪಾತು, ತಂಗೀ."