ದೊಡ್ಡವ್ವನ ಪೂಜೆಯ ನೀರು

ಸಿಂಧನೂರಿನ ಆ ವೃದ್ಧಾಶ್ರಮದಲ್ಲಿ ದೊಡ್ಡವ್ವನನ್ನು ಬಿಟ್ಟವಳು ನಾನೇ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಸಂತೆಕಲ್ಲೂರಿನಲ್ಲಿ ನನ್ನನ್ನು ಸಾಕಿ ಶಾಲೆ ಕಲಿಸಿದವಳು. ಅವಳು ಸೊಂಟ ಮುರಿದುಕೊಂಡು ಮಲಗಿದ ಮೇಲೆ, ಲಿಂಗಸುಗೂರಿನಲ್ಲಿ ನೌಕರಿ ಮಾಡುವ ನನ್ನೊಬ್ಬಳ ಕೈಲಿ ಆಗಲಿಲ್ಲ.

ರವಿವಾರಕ್ಕೊಮ್ಮೆ ಮಸ್ಕಿ ಮೇಲೆ ಹಾಯುವ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೂರನೇ ರವಿವಾರ ನೋಡುತ್ತೇನೆ, ಅವಳ ಕೆನ್ನೆಗಳು ಒಳಗೆ ಹೋಗಿದ್ದವು, ತುಟಿಗಳು ಒಡೆದಿದ್ದವು. ಆದರೆ ಹಾಸಿಗೆ ಸ್ವಚ್ಛ, ಸೀರೆ ಸ್ವಚ್ಛ. ಆಶ್ರಮಗಳಲ್ಲಿ ಮುದುಕರನ್ನು ಹೊಡೆಯುವ ಸುದ್ದಿ ಪೇಪರಿನಲ್ಲಿ ಓದಿದ್ದೆನಲ್ಲ, ಅವಳ ತೋಳು, ಬೆನ್ನು ಎಲ್ಲ ತಿರುಗಿಸಿ ನೋಡಿದೆ. ಒಂದು ಗಾಯವೂ ಇರಲಿಲ್ಲ.

“ದಿನಕ್ಕ ಒಂದು ಹೊತ್ತು ಉಂಡ್ರ ಹೆಚ್ಚರೀ. ಬಾಳ ಹಟ ನಿಮ್ಮ ದೊಡ್ಡವ್ವಾರದು,” ಎಂದಳು ನೋಡಿಕೊಳ್ಳುವ ಹೆಂಗಸು. ಹೇಳುತ್ತಲೇ ದೊಡ್ಡವ್ವನ ಹಣೆ ಸವರುತ್ತಿದ್ದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಹಟವಂತೂ ದೊಡ್ಡವ್ವನಿಗೆ ಹೊಸದಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲೆಯೇ.

“ಯಾಕ ಉಣವಲ್ಲಿ? ಇಲ್ಲಿ ಯಾರರೆ ಏನರೆ ಅಂದಾರೇನು?” ಎಂದು ಗದರಿದೆ.

“ಇಲ್ಲವ್ವಾ, ಎಲ್ಲಾರೂ ಚಲೋ ಅದಾರ.” ಕೊರಳಲ್ಲಿದ್ದ ಲಿಂಗವನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡಳು. “ಪೂಜಾ ಇಲ್ದ ಹ್ಯಾಂಗ ಉಣ್ಲಿ? ದಿನಕ್ಕ ಒಂದ ಗ್ಲಾಸ್ ನೀರು, ಅದೂ ಸಂಜಿಕ ಕೊಡ್ತಾರ. ಅದರಾಗ ಪೂಜಾ ಮಾಡಿ ನಾಕು ತುತ್ತು ಉಣತೀನಿ.”

ಲಿಂಗಪೂಜೆಯಾಗದೆ ಅವಳು ಬಾಯಿಗೆ ತುತ್ತು ಹಾಕಿದ್ದನ್ನು ನಾನು ಕಂಡೇ ಇಲ್ಲ. ಅವಳ ಪೂಜೆಯ ತಂಬಿಗೆ ಎಲ್ಲಿ ಎಂದು ಹುಡುಕಿದೆ. ಅವಳ ಕೈಗೆಟುಕದ ಕಿಟಕಿಯಲ್ಲಿ ಬೋರಲು ಇಟ್ಟಿದ್ದರು. ಕಿಟಕಿಯಾಚೆ ಕಾಲುವೆ ನೀರು ತುಂಬಿದ ಭತ್ತದ ಗದ್ದೆ.

ಹಟವಲ್ಲ, ಅವಳಿಗೆ ನೀರೇ ಕೊಡುತ್ತಿರಲಿಲ್ಲ. ತಂಬಿಗೆ ಹಿಡಿದುಕೊಂಡೇ ಮೇಲ್ವಿಚಾರಕನ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ದೂರು ಕೊಡುತ್ತೇನೆ ಎಂದೆ. ಕೊಟ್ಟರೆ, ನಾನು ಬಸ್ಸು ಹತ್ತಿದ ಮೇಲೆ ಇವಳ ಗತಿಯೇನು ಎಂಬ ಹೆದರಿಕೆ ಬೈಯುವಾಗಲೇ ಇತ್ತು.

ಆತ ತಿರುಗಿ ಬೈಯಲಿಲ್ಲ. ದೊಡ್ಡವ್ವನನ್ನು ಸೇರಿಸಿದ ದಿನದ ಹಾಳೆ ತೆಗೆದು ಮುಂದಿಟ್ಟ. ‘ಹಾಸಿಗೆ ತೋಯಿಸುತ್ತಾರೆ. ನೀರು ಕಡಿಮೆ ಕೊಡಬೇಕು.’ ನಾನು ಹೇಳಿ ಬರೆಸಿದ್ದು. ಕೆಳಗೆ ನನ್ನದೇ ಸಹಿ.

ರಾತ್ರಿ ಹೊತ್ತು ಮಾತ್ರ ಎಂದು ಅಂದಿದ್ದೆನೋ ಇಲ್ಲವೋ, ಇವತ್ತಿಗೂ ನೆನಪಾಗುವುದಿಲ್ಲ. ಅನ್ನದಿದ್ದರೂ ಒಡೆದ ತುಟಿ ಅವರಿಗೆ ಕಾಣಬೇಕಿತ್ತು. ನನಗಾದರೂ ಮೊದಲ ರವಿವಾರವೇ ಕಾಣಬೇಕಿತ್ತು. ದೂರು ಯಾರ ಮೇಲೆ ಕೊಡುವುದು? ಆ ಸಾಲು ಹೊಡೆದುಹಾಕಿಸಿ, ಮುಂಜಾನೆ ಪೂಜೆಗೊಂದು ತಂಬಿಗೆ, ಕೇಳಿದಾಗಲೆಲ್ಲ ಕುಡಿಯಲು ನೀರು ಎಂದು ಬರೆಸಿದೆ.

ತಂಬಿಗೆ ತುಂಬಿ ತಂದು ಅವಳ ಮುಂದಿಟ್ಟೆ. ಪೂಜೆ ಮುಗಿಸಿ, ಉಳಿದ ನೀರನ್ನು ಗಟಗಟ ಕುಡಿದಳು. ಕುಡಿದವಳೇ ಗಾಬರಿಯಾಗಿ ನನ್ನ ಮುಖ ನೋಡಿದಳು.

“ಹಾಸಿಗಿ ತೋಯ್ದ್ರ ಬೈಬ್ಯಾಡವ್ವಾ,” ಎಂದಳು.