ಯೂನಿಯನ್‌ವಿಲ್‌ಗೆ ಒಯ್ದ ಐದು ಬಾವಲಿಗಳು

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಿಸಿಸಾಗದ ನನ್ನ ಮನೆಯಿಂದ ಹೊರಟು, ಮಿಲ್ಟನ್‌ನಲ್ಲಿ ಅಕ್ಕನನ್ನು ಕಾರಿಗೆ ಹತ್ತಿಸಿಕೊಂಡೆ. ಹೊರಗೆ ಮೈನಸ್ ನಾಲ್ಕು; ರಸ್ತೆಯಂಚಿನ ಹಿಮ ಕಪ್ಪಿಟ್ಟಿತ್ತು. ಯೂನಿಯನ್‌ವಿಲ್‌ಗೆ ಒಂದು ಗಂಟೆಯ ದಾರಿ. ಅಕ್ಕನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಹಳೆಯ ಚೀನೀ ನಶ್ಯದ ಸೀಸೆಯಿತ್ತು: ಹೆಬ್ಬೆರಳುದ್ದ, ಕಂದು ಕಲ್ಲಿನದು, ಮೈತುಂಬ ಕೆತ್ತನೆ. ವೈದ್ಯರಾಗಿದ್ದ ಭಾವನಿಗೆ ರೋಗಿಯೊಬ್ಬರು ಕೊಟ್ಟದ್ದು. ನನ್ನ ನೆನಪಿನಲ್ಲಿ ಅದು ಹಸಿರಾಗಿತ್ತು. ಹಾಗೆಂದಾಗ ಅಕ್ಕ, "ನಿನ್ನ ನೆನಪು ಬಿಡು, ನನ್ನ ಮದುವಿ ಸೀರಿ ಬಣ್ಣಾನೂ ತಪ್ಪ ಹೇಳ್ತಿ" ಅಂದಳು.

ಕೆತ್ತನೆಯಲ್ಲಿದ್ದದ್ದು ಹಣ್ಣೊಂದರ ಸುತ್ತ ಐದು ಬಾವಲಿಗಳು, ಧಾರವಾಡದ ನಮ್ಮ ಮಾತಿನ ಕಣ್ಣಕಪ್ಪಡಿ. ಅದು ಮನೆಹೊಕ್ಕರೆ ಸಾವು ಎಂಬ ನಂಬಿಕೆಯನ್ನು ನಾವು ಕೆನಡಾಕ್ಕೂ ತಂದಿದ್ದೆವು. ಭಾವ ಕಾಯಿಲೆ ಬಿದ್ದ ವರ್ಷ ಅಕ್ಕ ಸೀಸೆಯನ್ನು ಬೇಸ್‌ಮೆಂಟಿನಲ್ಲಿ ಬಚ್ಚಿಟ್ಟಳು. ಆಸ್ಪತ್ರೆಯಲ್ಲಿ, ಕೊನೆಯ ವಾರ, ಅದನ್ನು ತರಲು ಅವರು ಎರಡು ಸಲ ಕೇಳಿದರು. ಅವಳು ಒಯ್ಯಲಿಲ್ಲ. ಯಾಕೆ ಕೇಳಿದರೆಂದು ತಿಳಿಯದೆ ಈಗ ಅವಳಿಗೆ ನಿದ್ದೆಯಿಲ್ಲ. ಅದಕ್ಕೇ ಈ ಪ್ರಯಾಣ.

ಮೇನ್ ಸ್ಟ್ರೀಟಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಚೀನೀ ಹೆಂಗಸೊಬ್ಬರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಅದು ಭಾವನಿಗೆ ಉಡುಗೊರೆಯಾಗಿ ಬಂದದ್ದೆಂದು ತಿಳಿಸಿ, ಬೆಲೆ ಬೇಡ, ಅರ್ಥ ಹೇಳಿ ಎಂದೆವು. ತಮ್ಮವರಲ್ಲಿ ಬಾವಲಿ ಸೌಭಾಗ್ಯ, ಪೀಚ್ ಹಣ್ಣು ಆಯುಸ್ಸು ಎಂದರು. ಐದು ಬಾವಲಿ ಒಟ್ಟಿಗಿದ್ದರೆ ಐದು ಹಾರೈಕೆ: ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ, ಸದ್ಗುಣ. ಐದನೆಯದು ನೆಮ್ಮದಿಯ ಸಾವು. ಇಂಗ್ಲಿಷಿನಲ್ಲೇ ಹೇಳಿದ್ದರಿಂದ ಅಕ್ಕನಿಂದ ನಾನು ಏನನ್ನೂ ಮುಚ್ಚಿಡುವಂತಿರಲಿಲ್ಲ. ಕೊಟ್ಟವರು ನಿಮ್ಮ ಯಜಮಾನರಿಗೆ ಇದನ್ನೆಲ್ಲ ವಿವರಿಸಿಯೇ ಇರುತ್ತಾರೆ ಎಂದೂ ಸೇರಿಸಿದರು. ಅಕ್ಕ ತಲೆಯಾಡಿಸಿದಳು.

ಪಕ್ಕದ ಕೆಫೆಯಲ್ಲಿ ಚಹಾ ತಣ್ಣಗಾಯಿತು. ಬನ್ನನ್ನು ಇಬ್ಬರೂ ಮುಟ್ಟಲಿಲ್ಲ. ಹಿಂದಿರುಗುವಾಗ ಸಣ್ಣಗೆ ಹಿಮ ಬೀಳತೊಡಗಿತು. ಅರ್ಧ ದಾರಿಯಲ್ಲಿ ಹೇಳಿಯೇಬಿಟ್ಟೆ: "ಅಕ್ಕಾ, ಕಣ್ಣಕಪ್ಪಡಿ ಮನ್ಯಾಗ ಇಡಬ್ಯಾಡ ಅಂತ ಅವತ್ತ ನಾನ ಅಂದಿದ್ದೆ."

"ಇಲ್ಲ. ಫೋನಿನ್ಯಾಗ ನಮ್ಮ ಅತ್ತಿ ಅಂದಿದ್ರು" ಎಂದಳು, ರಸ್ತೆಯನ್ನೇ ನೋಡುತ್ತ.

ಅವಳ ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು ಎಂದು ನನ್ನ ಲೆಕ್ಕ. ಖಾತ್ರಿಯಿಲ್ಲ. ಕೇಳಲಿಲ್ಲ.

ಮಿಲ್ಟನ್‌ನಲ್ಲಿ ಇಳಿಯುವಾಗ ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಸೀಸೆಯನ್ನು ತಾನು ಕೂತಿದ್ದ ಸೀಟಿನ ಮೇಲಿಟ್ಟಳು.

"ಇನ್ನ ನಿನ್ನ ಹತ್ರ ಇರಲಿ" ಅಂದಳು.