ಗುಡಿಸಲು ಕಿತ್ತ ಮೇಲೆ

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತುವ ಹೆಂಗಸರು ಎಂಥ ಮರ್ಯಾದಸ್ಥರು ಎನ್ನುವುದು ನನಗೆ ಚೆನ್ನಾಗಿ ಗೊತ್ತು, ನಾನೂ ಅವರಲ್ಲಿ ಒಬ್ಬಳು. ಸೀಟಿನ ಮೇಲೆ ಕರ್ಚೀಫು ಹಾಕಿ ಹೋದವಳು ತಿರುಗಿ ಬರುವಷ್ಟರಲ್ಲಿ ಕರ್ಚೀಫು ಕಿಟಕಿಯ ಸರಳಿನಲ್ಲಿ ನೇತಾಡುತ್ತಿರುತ್ತದೆ. ಸೀಟಿನಲ್ಲಿ ಇನ್ನೊಬ್ಬಳು ಕಣ್ಣು ಮುಚ್ಚಿ ಕೂತಿರುತ್ತಾಳೆ, ಮೊಣಕೈಯಲ್ಲಿ ತಿವಿದರೂ ಅವಳಿಗೆ ಎಚ್ಚರವಾಗುವುದಿಲ್ಲ. ಅದೇ ಹೆಂಗಸರು ಫೋನು ತೆಗೆದು ಆಟ ಶುರು ಮಾಡಿದರೆ ಮಾತ್ರ ಬೇರೆಯೇ ಜನ.

ಆಟ ಅಂದರೆ ಆನ್‌ಲೈನ್ ಆಟ. ಪ್ರತಿಯೊಬ್ಬರಿಗೂ ಒಂದು ಪಾತ್ರ, ಪಾತ್ರಕ್ಕೊಂದು ಹೊಲ, ಹೊಲದಲ್ಲೊಂದು ಗುಡಿಸಲು. ಕಾಡಿಗೆ ಹೋಗಿ ಮೃಗಗಳ ಜೊತೆ ಹೊಡೆದಾಡಬೇಕು, ಬಂದು ಬೆಳೆ ನೋಡಿಕೊಳ್ಳಬೇಕು, ಬೆಳೆದದ್ದನ್ನು ಬೇಯಿಸಿ ತಿಂದು ಶಕ್ತಿ ತುಂಬಿಕೊಂಡು ಮತ್ತೆ ಕಾಡಿಗೆ ಹೋಗಬೇಕು. ರೈಲಿನ ನಾವು ಕೆಲವರು, ಮುಖ ನೋಡದ ಇನ್ನಷ್ಟು ಜನ ಸೇರಿ ಒಂದು ತಂಡ ಮಾಡಿಕೊಂಡಿದ್ದೆವು. ತಂಡದ ಯಜಮಾನಿ ಮೈಸೂರಿನ ಕಡೆಯ ಹೆಂಗಸು, ನಿಯಮಗಳೆಲ್ಲ ಅವಳವೇ. ಇನ್ನೊಬ್ಬರು ಹೊಡೆಯುತ್ತಿರುವ ಮೃಗಕ್ಕೆ ಕೊನೆಯ ಏಟು ಹಾಕಬಾರದು, ಕಾಡಿನಲ್ಲಿ ಯಾರಾದರೂ ಬಿದ್ದರೆ ಅವರ ಚೀಲ ಮುಟ್ಟದೆ, ಅವರು ಎದ್ದು ಬರುವವರೆಗೆ ಕಾವಲು ನಿಲ್ಲಬೇಕು. ನೀರು ಹಾಕಲು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಬಹುದು, ಆದರೆ ಕೇಳದೆ ಒಂದು ಎಲೆಯನ್ನೂ ಕೀಳಬಾರದು. ಕಿತ್ತರೆ ಆಟವೇನೂ ತಡೆಯುವುದಿಲ್ಲ. ತಡೆಯುತ್ತಿದ್ದದ್ದು ಮರ್ಯಾದೆ ಒಂದೇ. ಸೀಟಿಗಾಗಿ ನನ್ನ ಕಾಲು ತುಳಿದವಳು ಆಟದಲ್ಲಿ ಯಾರದೋ ಚೀಲದ ಪಕ್ಕ ಇಡೀ ಪ್ರಯಾಣ ಕೈಕಟ್ಟಿ ನಿಂತದ್ದನ್ನು ನಾನೇ ನೋಡಿದ್ದೇನೆ. ನಗು ಬರುತ್ತಿತ್ತು. ಒಳಗೊಳಗೇ ಇಷ್ಟವೂ ಆಗುತ್ತಿತ್ತು.

ಈ ತಂಡಕ್ಕೆ ನನ್ನ ಅಕ್ಕನನ್ನು ಸೇರಿಸಿದವಳು ನಾನು. ಅಕ್ಕನನ್ನು ಕೊಟ್ಟಿದ್ದು ಶ್ರೀನಿವಾಸಪುರದ ಯಲ್ದೂರಿಗೆ. ಮಾವಿನ ತೋಪು, ಒಂದಿಷ್ಟು ರಾಗಿ ಹೊಲ, ಎರಡು ಹಸು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ಅವಳಿಗೆ ಜಗಲಿ ಬಿಟ್ಟು ಇಳಿಯುವ ಹಾಗಿರಲಿಲ್ಲ. ದಿನಕ್ಕೊಂದು ಸಲ ಫೋನು ಮಾಡಿ ಸೊಸೆ ರಾಗಿ ಮುದ್ದೆ ಸರಿಯಾಗಿ ತೊಳಸುವುದಿಲ್ಲ, ಹಸುವಿಗೆ ನೀರು ತೋರಿಸುವುದಿಲ್ಲ ಎಂದು ನನ್ನ ತಲೆ ತಿನ್ನುತ್ತಿದ್ದಳು. ಸೊಸೆಗೂ ಒಳ್ಳೆಯದಾಗಲಿ, ನನಗೂ ಒಳ್ಳೆಯದಾಗಲಿ ಎಂದು ಒಂದು ಭಾನುವಾರ ಹೋಗಿ ಅವಳ ಫೋನಿಗೆ ಆಟ ಹಾಕಿಕೊಟ್ಟು ಬಂದೆ.

ನಿಯಮಗಳನ್ನು ಹೇಳುವಾಗ, "ಇನ್ನೊಬ್ಬರದನ್ನ ಮುಟ್ಟಬಾರದು ಅಕ್ಕ, ಅದೊಂದು ಮುಖ್ಯ" ಎಂದೆ.

"ಲೇ, ಅದನ್ನ ನೀನು ನನಗೆ ಹೇಳಿಕೊಡ್ತೀಯೇನೇ?" ಎಂದಳು. ಅಷ್ಟಕ್ಕೆ ಪಾಠ ಮುಗಿಯಿತು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕಾಡಿನ ಕಡೆ ತಲೆಯೇ ಹಾಕಲಿಲ್ಲ, ಹೊಲದಲ್ಲೇ ಇದ್ದಳು. ಯಾರ ಹೊಲ ಒಣಗಿದರೂ ಮೊದಲು ನೀರು ಹಾಕುವವಳು ಅಕ್ಕ. ತಂಡದವರೆಲ್ಲ ಆಂಟಿ, ಆಂಟಿ ಎಂದು ಹಿಂದೆ ಬಿದ್ದರು. ಅವಳು ಕನ್ನಡ ಟೈಪು ಮಾಡಲಾರದೆ ಮಾತಾಡಿ ಕಳಿಸುತ್ತಿದ್ದಳು. ನಡುನಡುವೆ ತೆಲುಗು ನುಗ್ಗುತ್ತಿತ್ತು. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿಗಂತೂ ಅದನ್ನು ಕೇಳದಿದ್ದರೆ ಬೆಳಗೇ ಆಗುತ್ತಿರಲಿಲ್ಲ. "ಆಂಟಿ, ಇವತ್ತು ಏನೂ ಮಾತಾಡಿಲ್ವಲ್ಲ?" ಎಂದು ಅವಳೇ ಕೆಣಕುತ್ತಿದ್ದಳು. ಅಕ್ಕ ನನಗೆ ಫೋನು ಮಾಡುವುದನ್ನೇ ಬಿಟ್ಟಳು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆ ಹುಡುಗಿಯ ಹೊಲದಲ್ಲೊಂದು ಬೆಳ್ಳಿ ಹಣ್ಣಿನ ಮರವಿತ್ತು. ಆಟದಲ್ಲಿ ಅದು ಸುಲಭಕ್ಕೆ ಸಿಗುವ ಮರವಲ್ಲ. ತಿಂಗಳುಗಟ್ಟಲೆ ನೀರು ಹಾಕಿ ಬೆಳೆಸಿದ್ದಳು. ಹಣ್ಣು ಬಂದಾಗ ಬಹುಪಾಲು ಕಿತ್ತುಕೊಂಡು ತುದಿಯಲ್ಲಿ ನಾಲ್ಕಾರು ಬಿಟ್ಟಳು. ಆಮೇಲೆ ಮಹಡಿ ಮನೆ ಕಟ್ಟಬೇಕೆಂದು ಹಳೆಯ ಗುಡಿಸಲನ್ನು ಕಿತ್ತುಹಾಕಿದಳು. ಅವತ್ತು ಅಕ್ಕ ಅವಳ ಹೊಲಕ್ಕೆ ನೀರು ಹಾಕಲು ಹೋದಳು.

ಇಲ್ಲಿ ಯಲ್ದೂರಿನ ಸಂಗತಿ ಒಂದು ಹೇಳಬೇಕು. ಅಲ್ಲಿ ತೋಪುಗಳನ್ನು ಹೂವು ಬಿಟ್ಟಾಗಲೇ ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆ ಹಿಡಿದವನು ತೋಪಿನೊಳಗೆ ಗರಿಯ ಗುಡಿಸಲು ಹಾಕಿ ಕಾವಲಿಗೆ ಜನ ಇಡುತ್ತಾನೆ. ಆ ಗುಡಿಸಲು ನಿಂತಿರುವವರೆಗೆ ಗಾಳಿಗೆ ಉದುರಿದ ಕಾಯನ್ನೂ ಯಾರೂ ಮುಟ್ಟುವುದಿಲ್ಲ, ತೋಪಿನ ಒಡತಿಯಾದ ಅಕ್ಕನೂ ಮುಟ್ಟುವುದಿಲ್ಲ. ಒಂದು ವರ್ಷ ಅವಳದೇ ಮರದಡಿ ಬಿದ್ದ ತೋತಾಪುರಿ ಎತ್ತಿಕೊಂಡದ್ದಕ್ಕೆ ನನ್ನ ಕೈಗೆ ಹೊಡೆದು ಬಿಸಾಡಿಸಿದ್ದಳು. ಕುಯ್ಲು ಮುಗಿಸಿ ಗುತ್ತಿಗೆಯವನು ಗುಡಿಸಲು ಕಿತ್ತುಕೊಂಡು ಹೋದ ಅಂದರೆ ಲೆಕ್ಕ ಮುಗಿಯಿತು. ಕೊಂಬೆ ತುದಿಯಲ್ಲಿ ಉಳಿದದ್ದು ಹಕ್ಕಲು, ಊರಿನವರ ಪಾಲು. ಯಾರು ಬೇಕಾದರೂ ಬಂದು ಕಿತ್ತುಕೊಳ್ಳಬಹುದು, ಕೇಳಬೇಕಾಗಿಲ್ಲ. ಕೇಳಿದರೆ ಮನೆಯವರಿಗೇ ಬೇಜಾರು.

ಹುಡುಗಿಯ ಹೊಲದಲ್ಲಿ ಕುಯ್ಲಾಗಿತ್ತು, ಗುಡಿಸಲು ಇರಲಿಲ್ಲ, ತುದಿಯಲ್ಲಿ ನಾಲ್ಕಾರು ಹಣ್ಣಿದ್ದವು. ಅಕ್ಕ ಕಿತ್ತಳು. ಕಿತ್ತು ತನಗೇನೂ ಇಟ್ಟುಕೊಳ್ಳಲಿಲ್ಲ, ರಸಾಯನ ಮಾಡಿ ಇಡೀ ತಂಡಕ್ಕೆ ಹಂಚಿದಳು. ನಾನೂ ಕುಡಿದೆ, ಯಜಮಾನಿಯೂ ಕುಡಿದಳು. ಹುಬ್ಬಳ್ಳಿಯ ಹುಡುಗಿ ಕುಡಿದು, ಆ ಶಕ್ತಿಯಲ್ಲಿ ಕಾಡಿಗೆ ಹೋಗಿ ದೊಡ್ಡದೊಂದು ಮೃಗ ಹೊಡೆದುಕೊಂಡು ಬಂದು, "ಆಂಟಿ ಸೂಪರ್" ಎಂದು ಹಾಕಿದಳು.

ಮರುದಿನ ರೈಲು ಇನ್ನೂ ದೇವನಗೊಂದಿ ದಾಟಿರಲಿಲ್ಲ, ತಂಡದ ಗುಂಪಿನಲ್ಲಿ ಆ ಹುಡುಗಿಯ ಬರಹ ಬಂತು: "ನನ್ನ ಬೀಜದ ಹಣ್ಣು ಯಾರೋ ಕದ್ದಿದ್ದಾರೆ." ಮರದಲ್ಲೇ ಒಣಗಿದ ಹಣ್ಣಿನಿಂದ ಮಾತ್ರ ಆ ಮರಕ್ಕೆ ಬೀಜ ಸಿಗುತ್ತದಂತೆ. ಅದಕ್ಕೇ ಬಿಟ್ಟಿದ್ದಳಂತೆ.

ಅಕ್ಕ ಒಂದು ಗಳಿಗೆಯೂ ತಡಮಾಡಲಿಲ್ಲ. "ಅಯ್ಯೋ, ನಾನೇ ಕಣಮ್ಮ ಕಿತ್ತಿದ್ದು. ನಿನ್ನೆ ರಸಾಯನ ಕುಡಿದ್ಯಲ್ಲ, ಅದೇ. ಬೀಜಕ್ಕೆ ಬಿಟ್ಟಿದ್ಯಾ? ಹೇಳೋದಲ್ವಾ?" ಎಂದು ಮಾತು ಕಳಿಸಿದಳು. ದನಿಯಲ್ಲಿ ಗಾಬರಿ ಇತ್ತು, ಅಳುಕು ಇರಲಿಲ್ಲ. ಅದೇ ಅವರಿಗೆ ಸಹಿಸಲಾಗಲಿಲ್ಲ ಅಂತ ಕಾಣುತ್ತದೆ. ಕದ್ದದ್ದಲ್ಲದೆ ಎಷ್ಟು ಧೈರ್ಯ ಎಂದಳು ಒಬ್ಬಳು. ಇಂಥವರನ್ನು ಇಟ್ಟುಕೊಂಡರೆ ನಾಳೆ ನಮ್ಮ ಹೊಲವೂ ಖಾಲಿ ಎಂದಳು ಇನ್ನೊಬ್ಬಳು. ನನ್ನ ಎದುರು ಸೀಟಿನಲ್ಲೇ ಕೂತಿದ್ದವಳು ತಲೆ ತಗ್ಗಿಸಿಕೊಂಡು "ಕಳ್ಳಿ" ಎಂದು ಟೈಪು ಮಾಡಿದಳು. ಮುಂದಿನ ಕ್ಷಣ ಅದು ನನ್ನ ಫೋನಿನಲ್ಲಿ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಲ್ಪ ಮುಂಚೆ ತಾನೆ ನನ್ನ ಡಬ್ಬಿಯಿಂದ ಚಿತ್ರಾನ್ನ ತಿಂದಿದ್ದಳು.

ಯಲ್ದೂರಿನ ಪದ್ಧತಿಯನ್ನೆಲ್ಲ ವಿವರಿಸಿ ಗುಂಪಿಗೆ ಉದ್ದಕ್ಕೆ ಬರೆದೆ. "ಚೆನ್ನಾಗಿದೆ, ಆದರೆ ಇಲ್ಲಿ ಇಲ್ಲಿಯ ನಿಯಮ" ಎಂದಳು ಯಜಮಾನಿ. ಆಂಟಿಯನ್ನು ತಂಡದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ, ಭಾನುವಾರ ತೀರ್ಮಾನ ಎಂದಳು. ಅವರ ಕಡೆಯೂ ನ್ಯಾಯವಿತ್ತು, ಇಲ್ಲವೆನ್ನಲಾರೆ. ಹುಡುಗಿಯ ತಿಂಗಳುಗಳ ಶ್ರಮ ಹೋಗಿತ್ತು, ಅವಳು ಅತ್ತಳಂತೆ.

ಶನಿವಾರ ಕೋಲಾರಕ್ಕೆ ಹೋಗಿ ಶ್ರೀನಿವಾಸಪುರದ ಬಸ್ಸು ಹಿಡಿದೆ. ಅಕ್ಕ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಫೋನು ಪಕ್ಕದಲ್ಲಿ ಬೋರಲು ಬಿದ್ದಿತ್ತು. ಮುಖ ಇಳಿದುಹೋಗಿತ್ತು.

"ಒಂದು ಸಲ ಸಾರಿ ಅಂದುಬಿಡು ಅಕ್ಕ. ನಿನ್ನ ಗಂಟೇನು ಹೋಗುತ್ತೆ?"

"ಬೀಜ ಹೋಯ್ತಲ್ಲ ಅಂತ ಆ ಹುಡುಗಿಗೆ ಅವತ್ತೇ ಹೇಳಿದೀನಿ, ನನಗೂ ಸಂಕಟ ಆಗ್ತೈತೆ ಕಣಮ್ಮಾ ಅಂತ. ಬೀಜದ ಸೋರೆಕಾಯಿಗೆ ನಾವು ಬಟ್ಟೆ ಚೂರು ಕಟ್ಟಲ್ವಾ? ಹಂಗೆ ಏನಾದ್ರೂ ಕಟ್ಟಿದ್ರೆ ಕೈ ಹಾಕ್ತಿದ್ನಾ? ಅದಕ್ಕೆ ಬೇಕಾದ್ರೆ ಸಾವಿರ ಸಲ ಸಾರಿ ಅಂತೀನಿ. ಕದ್ದೆ ಅಂತ ಮಾತ್ರ ಒಪ್ಪಲ್ಲ." ಸಿಟ್ಟು ಬಂದಾಗ ಬರುವ ತೆಲುಗಿಗೆ ಇಳಿದಳು. "ದೊಂಗನಾ ನೇನು?" ನಾನು ಕಳ್ಳಿಯೇ ಎಂದು ಕೇಳಿದ್ದು ನನ್ನನ್ನು.

"ಅವರೆಲ್ಲ ಅದೇ ರಸಾಯನ ಕುಡಿದಿದ್ದಾರಲ್ಲ, ಅದನ್ನ ಹೇಳ್ತೀನಿ ತಾಳು" ಎಂದು ನಾನು ಫೋನು ತೆಗೆದೆ.

"ಬಾಯಿ ಮುಚ್ಚೇ! ಹಾಕಿದ ಅನ್ನ ಎತ್ತಿ ಆಡ್ತಾರಾ ಯಾರಾದ್ರೂ?" ಎಂದು ಬುಟ್ಟಿಯ ಅವರೆಕಾಯಿ ಚೆಲ್ಲುವ ಹಾಗೆ ಕೈ ಬೀಸಿದಳು. ನಾನು ಫೋನು ಒಳಗಿಟ್ಟೆ.

ಆಮೇಲೆ ತಾನೇ ಆಟ ತೆರೆದು, ಕಷ್ಟಪಟ್ಟು ಕಟ್ಟಿದ್ದ ತನ್ನ ಗುಡಿಸಲನ್ನು ಕಿತ್ತುಹಾಕಿದಳು. ಹೊಲದ ತುಂಬ ನಿಂತ ಬೆಳೆಯಿತ್ತು. ಗುಂಪಿನಲ್ಲೇ ಹುಡುಗಿಗೆ ಮಾತು ಕಳಿಸಿದಳು. "ನೋಡಮ್ಮಾ, ನನ್ನ ಹೊಲದಾಗೆ ಏನಿದ್ರೂ ನಿಂದೇ. ಗುಡಿಸಲು ಕಿತ್ತಿದೀನಿ. ಬಂದು ತಗೊಂಡೋಗು."

ಹುಡುಗಿ ಬಹಳ ಹೊತ್ತಿನ ಮೇಲೆ ಉತ್ತರ ಬರೆದಳು: "ಬೇಡ ಆಂಟಿ. ಬೇರೆಯವರ ವಸ್ತು ನಾನು ಮುಟ್ಟಲ್ಲ." ಚುಚ್ಚಬೇಕೆಂದು ಬರೆದದ್ದಲ್ಲ ಅದು, ಅವಳಿಗೆ ಗೊತ್ತಿದ್ದ ಮರ್ಯಾದೆಯ ಮಾತು ಅದೇ ಇರಬೇಕು. ನಾನು ಓದಿ ಹೇಳಿದೆ. ಅಕ್ಕ ಸಿಪ್ಪೆ ಗುಡಿಸಿಕೊಂಡು ಹಸುವಿಗೆ ಹಾಕಲು ಸೊಸೆಯನ್ನು ಕರೆದಳು.

ಭಾನುವಾರ ಊಟ ಮುಗಿಸಿ ಕೂತಿದ್ದಾಗ ತೀರ್ಮಾನ ಬಂತು. ಯಜಮಾನಿ ಮೃದುವಾಗಿಯೇ ಬರೆದಿದ್ದಳು. ಆಂಟಿ ಹಿರಿಯರು, ಗೊತ್ತಿಲ್ಲದೆ ಮಾಡಿದ್ದಾರೆ, ನಾವೆಲ್ಲ ಸೇರಿ ಅವರನ್ನು ಕ್ಷಮಿಸಿದ್ದೇವೆ, ಅವರು ನಮ್ಮ ಜೊತೆಯಲ್ಲೇ ಇರುತ್ತಾರೆ. ಕೆಳಗೆ ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ, ಹೂವಿನ ಚಿತ್ರ ಹಾಕುತ್ತಾ ಬಂದರು. ಎದುರು ಸೀಟಿನವಳೂ ಹಾಕಿದಳು. ನನಗೆ ಹೋದ ಜೀವ ಬಂದ ಹಾಗಾಯಿತು. ಖುಷಿಯಲ್ಲಿ ಗಟ್ಟಿಯಾಗಿ ಓದಿದೆ.

"ಇನ್ನೊಂದು ಸಲ ಓದು" ಎಂದಳು ಅಕ್ಕ. ಓದಿದೆ.

"ಕ್ಷಮಿಸಿದೀವಿ ಅಂದ್ರೆ? ಕದ್ದಿದ್ದಕ್ಕೆ ತಾನೇ ಕ್ಷಮಿಸೋದು?"

"ಹೋಗ್ಲಿ ಬಿಡಕ್ಕ, ಇಟ್ಕೊಂಡಿದಾರಲ್ಲ."

"ಸರ್ಲೇ" ಎಂದಳು. ಸರಿ ಬಿಡು ಅನ್ನುವುದಕ್ಕೆ ನಮ್ಮ ಕಡೆ ಅನ್ನುವ ಮಾತು ಅದು. ಫೋನನ್ನು ನನ್ನ ಮಡಿಲಿಗೆ ಹಾಕಿದಳು. "ತೆಗೆದುಬಿಡು ಈ ಆಟಾನ."

ಎಷ್ಟು ಹೇಳಿದರೂ ಕೇಳಲಿಲ್ಲ. ತೆಗೆದೆ. ಅಳು ಬಂತು ನನಗೆ, ಆಟಕ್ಕೆಲ್ಲ ಅಳುವ ವಯಸ್ಸೇ ಅಲ್ಲದಿದ್ದರೂ.

ಸೋಮವಾರ ರೈಲಿನಲ್ಲಿ ನಿಂತಿದ್ದಾಗ ಹುಬ್ಬಳ್ಳಿಯ ಹುಡುಗಿ ನನ್ನೊಬ್ಬಳಿಗೇ ಬರೆದಳು. ಆಂಟಿ ಕಾಣುತ್ತಿಲ್ಲ, ಅವರ ದನಿ ಕೇಳದೆ ಬೇಜಾರಾಗಿದೆ, ನಾವು ಕ್ಷಮಿಸಿದ ಮೇಲೂ ಯಾಕೆ ಹೋದರು ಎಂದು ಕೇಳಿದ್ದಳು.

"ಅದಕ್ಕೇ ಹೋದರು" ಎಂದು ಬರೆದೆ.